ಟ್ರಸ್ಟಿನ ಲೆಕ್ಕ ಕೇಳುವ ಹಕ್ಕು

ಉಚ್ಚಿಲದ ಆಸುಪಾಸಿನಲ್ಲಿ ಕುಟುಂಬದ ದೈವಸ್ಥಾನಕ್ಕೋ ತರವಾಡು ಮನೆಗೋ ಟ್ರಸ್ಟ್ ಮಾಡಿಕೊಂಡ ಮನೆತನಗಳಿವೆ. ಹಣ ಮುಂಬಯಿಯಿಂದಲೂ ಬರುತ್ತದೆ, ಆಡಳಿತ ಊರಲ್ಲಿರುವ ಒಬ್ಬಿಬ್ಬರು ಹಿರಿಯರದು. ಲೆಕ್ಕ ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ಲವಾ?’ ಎನ್ನುತ್ತಾರೆ, ಕೇಳಿದವರು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ.

ಗೊತ್ತುಪಡಿಸಿದ ಕುಟುಂಬದ ಹಿತಕ್ಕಾಗಿ ಮಾಡಿದ, ಧಾರ್ಮಿಕ ದತ್ತಿಯಲ್ಲದ ಖಾಸಗಿ ಟ್ರಸ್ಟಿಗೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಅನ್ವಯ. ಟ್ರಸ್ಟಿ ಸ್ಪಷ್ಟವಾದ, ಸರಿಯಾದ ಲೆಕ್ಕ ಇಡಬೇಕು, ಫಲಾನುಭವಿ ಕೇಳಿದಾಗ ಸ್ವತ್ತಿನ ಪೂರ್ಣ ಮಾಹಿತಿ ಕೊಡಬೇಕು ಎನ್ನುತ್ತದೆ 19ನೇ ಕಲಂ. ಟ್ರಸ್ಟ್ ಪತ್ರ, ಲೆಕ್ಕಪುಸ್ತಕ, ವೋಚರುಗಳನ್ನು ನೋಡಿ ನಕಲು ಪಡೆಯುವ ಹಕ್ಕು 57ನೇ ಕಲಮಿನಲ್ಲಿದೆ. ಟ್ರಸ್ಟಿಯಾದವರು ಸ್ವತ್ತನ್ನು ಸ್ವಂತ ಲಾಭಕ್ಕೆ ಬಳಸಿ, ಅದರಿಂದ ಟ್ರಸ್ಟ್ ಸ್ವತ್ತಿಗೆ ನಷ್ಟವಾದರೆ, ತುಂಬಿಕೊಡುವ ಹೊಣೆ ಅವರದೇ. ಜೊತೆಯ ಟ್ರಸ್ಟಿ ಹಣ ದುರ್ಬಳಕೆ ಮಾಡಿದ್ದು ತಿಳಿದೂ ಮುಚ್ಚಿಟ್ಟವರೂ ಹೊಣೆಗಾರರು. ‘ನಾನು ಸಹಿ ಹಾಕಿದ್ದಷ್ಟೇ’ ಎನ್ನುವವರು ಇದನ್ನು ಗಮನಿಸಬೇಕು.

ಸಾರ್ವಜನಿಕರಿಗಾಗಿ ಇರುವ ಧರ್ಮದತ್ತಿಯ ದಾರಿ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ಹಿತಾಸಕ್ತಿಯುಳ್ಳ ಕನಿಷ್ಠ ಇಬ್ಬರು, ನ್ಯಾಯಾಲಯದ ಅನುಮತಿ ಪಡೆದು, ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಲೆಕ್ಕ ಕೊಡಿಸಲು, ಟ್ರಸ್ಟಿಯನ್ನು ತೆಗೆಯಲು, ಆಡಳಿತದ ಯೋಜನೆ ರೂಪಿಸಲು ಅಲ್ಲಿ ಕೇಳಿಕೊಳ್ಳಬಹುದು. ಮುಂಬಯಿಯ ನೆಂಟರು ಹೇಳುವ ಚಾರಿಟಿ ಕಮಿಷನರ್ ಮಹಾರಾಷ್ಟ್ರದ ವ್ಯವಸ್ಥೆ. ಇಲ್ಲಿನ ಮುಜರಾಯಿ ದೇವಸ್ಥಾನಗಳಿಗೆ ಕರ್ನಾಟಕದ 1997ರ ಪ್ರತ್ಯೇಕ ಕಾಯ್ದೆಯಿದೆ.

ಧರ್ಮದ ಸ್ವತ್ತಿನಲ್ಲಿ ಕಾನೂನಿಗೇನು ಕೆಲಸ ಎನ್ನುವವರಿಗೆ ಉಡುಪಿಯ ಶಿರೂರು ಮಠದ ಮೊಕದ್ದಮೆಯನ್ನು ನೆನಪಿಸುತ್ತೇನೆ. 1954ರಲ್ಲಿ ಸುಪ್ರೀಂ ಕೋರ್ಟು ಮದರಾಸಿನ 1951ರ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯ ಹಲವು ಕಲಮುಗಳನ್ನು ರದ್ದುಮಾಡಿ, ಮಠಾಧಿಪತಿ ಬರಿಯ ಟ್ರಸ್ಟಿ ಅಲ್ಲ ಎಂದಿತು. ಪೂಜಾವಿಧಿಯಲ್ಲಿ ಸಂಪ್ರದಾಯಕ್ಕೇ ಸ್ವಾತಂತ್ರ್ಯ ಕೊಟ್ಟ ಅದೇ ತೀರ್ಪು, ಸ್ವತ್ತಿನ ಆಡಳಿತ ಕಾನೂನಿಗೆ ಅನುಗುಣವಾಗಿಯೇ ನಡೆಯಬೇಕೆಂದೂ ಹೇಳಿತು.

ಪೊಲೀಸ್ ದೂರಿಗೆ ಮೊದಲೇ ಹೋಗಬೇಡಿ. ನಂಬಿಕೆದ್ರೋಹ ಅಪರಾಧ ಹೌದಾದರೂ ಕಾಗದವಿಲ್ಲದ ದೂರು ನಿಲ್ಲುವುದಿಲ್ಲ. ನೋಂದಣಿಯಾದ ಟ್ರಸ್ಟ್ ಪತ್ರದ ನಕಲಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ಯಾವ ವರ್ಷದ ಯಾವ ಲೆಕ್ಕ ಬೇಕೆಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಎಲ್ಲ ಟ್ರಸ್ಟಿಗಳಿಗೂ ಕಳುಹಿಸಿ, ರಸೀದಿ ಜೋಪಾನ ಮಾಡಿ. ನಿರ್ದಿಷ್ಟ ಉದ್ದೇಶದ ಟ್ರಸ್ಟಿನ ಸ್ವತ್ತನ್ನು ಮರಳಿ ಪಡೆಯಲು, ಲೆಕ್ಕ ಕೇಳಲು ಟ್ರಸ್ಟಿಯ ವಿರುದ್ಧ ಹೂಡುವ ದಾವೆಗೆ 1963ರ ಕಾಲಮಿತಿ ಕಾಯ್ದೆಯ 10ನೇ ಕಲಂ ಅವಧಿಯನ್ನೇ ಇಟ್ಟಿಲ್ಲ. ಹಾಗೆಂದು ತಡಮಾಡಿದರೆ ವೋಚರುಗಳು ಸಿಗದೆ ಹೋಗಬಹುದು. ವಕೀಲರ ಶುಲ್ಕಕ್ಕೆ ಹೆದರುವ ಹೆಣ್ಣುಮಕ್ಕಳು ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು.