ಕುರ್ಚಿ ಬಿಟ್ಟು ಕಸುಬಿಗೆ: ದೀಘಜಾಣು ಸುತ್ತದ ಓದು


ದಿನದ ಧಮ್ಮ ಚಿಂತನೆ



ಕಳೆದ ಭಾನುವಾರ ವಂದನೆ ಮುಗಿದು ಎಲ್ಲರೂ ಚಾಪೆ ಸುತ್ತುತ್ತಿದ್ದಾಗ ಒಬ್ಬ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗ ಬಿ.ಕಾಂ. ಓದಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಏಳು ವರ್ಷದಿಂದ ಲೆಕ್ಕಪತ್ರ ನೋಡುತ್ತಿದ್ದಾನೆ. ಈಗ ಅದನ್ನು ಬಿಟ್ಟು ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಾನಂತೆ. "ಇದ್ಕಾ ಮೇಷ್ಟ್ರೇ ನಾನು ಕೂಲಿ ಮಾಡಿ ಓದ್ಸಿದ್ದು? ಫ್ಯಾನ್ ಕೆಳಗೆ ಕೂತಿದ್ದೋನು ಈಗ ಏಣಿ ಹತ್ತಿ ಫ್ಯಾನ್ ಕಟ್ತಾನಂತೆ" ಎಂದರು. ಮಾತಿಗೆ ನಗು ಬಂತು, ಆದರೆ ಅವರ ಕಣ್ಣಲ್ಲಿ ನೀರಿತ್ತು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಅಕ್ಕನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬೇರೆಯವರ ಮನೆ ಹುಡುಗ ಕಚೇರಿ ಬಿಟ್ಟು ಮರಗೆಲಸ ಕಲಿತರೆ ಜನ ಅದನ್ನು ಧೈರ್ಯ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಕೈಕೆಲಸ ಎಂದರೆ ಸತ್ತ ದನ ಎಳೆದದ್ದು, ಚರಂಡಿ ಬಳಿದದ್ದು ನೆನಪಾಗುತ್ತದೆ. ಅದನ್ನು ನಮ್ಮ ಅಜ್ಜಂದಿರು ಆರಿಸಿಕೊಂಡಿರಲಿಲ್ಲ, ಹುಟ್ಟುತ್ತಲೇ ಹೆಗಲಿಗೆ ಹೇರಿದ್ದರು. ಅಲ್ಲಿಂದ ಒಂದು ಕುರ್ಚಿಯವರೆಗೆ ಬರಲು ತಲೆಮಾರುಗಳೇ ಸವೆದವು.

ಆದರೆ ಬಾಬಾಸಾಹೇಬರು ಏನನ್ನು ಬಿಡಿ ಎಂದರು? 1936ರ 'ಜಾತಿ ವಿನಾಶ'ದಲ್ಲಿ ಅವರ ವಾದ ಹೀಗಿದೆ: ಜಾತಿ ಎನ್ನುವುದು ಬರೀ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ವಿಂಗಡಿಸಿದ ವ್ಯವಸ್ಥೆ. ಅಲ್ಲಿ ಒಬ್ಬನ ಒಲವನ್ನಾಗಲಿ ಸಾಮರ್ಥ್ಯವನ್ನಾಗಲಿ ಯಾರೂ ಕೇಳುವುದಿಲ್ಲ, ತಂದೆತಾಯಿಯ ಸ್ಥಾನ ನೋಡಿ ಕೆಲಸ ನಿಗದಿಯಾಗುತ್ತದೆ. ಬದಲಾಯಿಸಿಕೊಳ್ಳಲು ಬಿಡದ ಕಾರಣ ನಿರುದ್ಯೋಗವೂ ಹೆಚ್ಚುತ್ತದೆ. ಅಂದರೆ ಅವರ ಸಿಟ್ಟು ಆ ಬೀಗದ ಮೇಲೆ. ಬೀಗ ಒಡೆದ ಮೇಲೆ ಬಾಗಿಲು ಎರಡೂ ಕಡೆಗೆ ತೆರೆಯಬೇಕಲ್ಲವೇ? ಇನ್ನು ಕುರ್ಚಿ ತಾನಾಗಿಯೇ ಮರ್ಯಾದೆ ಕೊಡುತ್ತದೆ ಎನ್ನುವವರು 1917ರ ಬರೋಡಾ ನೆನಪಿಸಿಕೊಳ್ಳಲಿ. ವಿದೇಶದಲ್ಲಿ ಓದಿ ಬಂದು ಸಂಸ್ಥಾನದ ಸೇವೆಯಲ್ಲಿದ್ದ ಬಾಬಾಸಾಹೇಬರನ್ನು ದೊಣ್ಣೆ ಹಿಡಿದು ಬಂದವರು ಪಾರ್ಸಿ ವಸತಿಗೃಹದಿಂದ ಖಾಲಿ ಮಾಡಿಸಿದರು.

ಈಗ ಸುತ್ತಕ್ಕೆ ಬರೋಣ. ಅಂಗುತ್ತರ ನಿಕಾಯದ ಎಂಟರ ನಿಪಾತದಲ್ಲಿ ದೀಘಜಾಣು ಸುತ್ತವಿದೆ. ಕೋಲಿಯರ ಕಕ್ಕರಪತ್ತ ಎಂಬ ಊರಿನ ದೀಘಜಾಣು ಭಗವಾನರ ಬಳಿ ಬಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ನಾವು ಹೆಂಡತಿ ಮಕ್ಕಳೊಡನೆ ಇರುವವರು, ಗಂಧ, ಹೂವು, ಚಿನ್ನ, ಬೆಳ್ಳಿ ಎಲ್ಲ ಬೇಕು ಎನ್ನುವವರು, ನಮ್ಮಂಥವರಿಗೆ ಒಳಿತಾಗುವ ದಾರಿ ತಿಳಿಸಿ ಎಂದು. ಭಗವಾನರು ಮೊದಲು ಎತ್ತಿದ್ದು ದುಡಿಮೆಯ ಮಾತನ್ನು, ಉಟ್ಠಾನ ಸಂಪದೆಯನ್ನು. ಅಲ್ಲಿ ಜೀವನೋಪಾಯಗಳ ಪಟ್ಟಿಯೇ ಬರುತ್ತದೆ: ಬೇಸಾಯ, ವ್ಯಾಪಾರ, ದನ ಸಾಕಣೆ, ಬಿಲ್ಲುವಿದ್ಯೆ, ರಾಜಸೇವೆ, ಇಲ್ಲವೇ ಯಾವುದಾದರೂ ಒಂದು 'ಸಿಪ್ಪ'. ಸಿಪ್ಪ ಎಂದರೆ ಶಿಲ್ಪ, ಕಸುಬು. (ಮಂಗಲ ಸುತ್ತ ಪಠಿಸುವಾಗಲೂ ಈ ಪದ ನಮ್ಮ ಬಾಯಲ್ಲಿ ಬರುತ್ತದೆ, ಬಹುಶ್ರುತತೆಯ ಪಕ್ಕದಲ್ಲೇ. ಎಷ್ಟು ಜನ ಗಮನಿಸಿದ್ದೇವೋ!) ರಾಜಸೇವೆಯನ್ನು ಇವತ್ತಿನ ಕಚೇರಿ ಕೆಲಸ ಎಂದುಕೊಳ್ಳಿ. ಕಸುಬೂ ಅದೂ ಒಂದೇ ಸಾಲಿನಲ್ಲಿವೆ. ಭಗವಾನರು ಕೇಳುವುದು ಇಷ್ಟು: ಕೆಲಸದಲ್ಲಿ ದಕ್ಷನೇ? ಸೋಮಾರಿಯಲ್ಲವಷ್ಟೇ? ಉಪಾಯ ಯೋಚಿಸುತ್ತಾನೆಯೇ? ತಾನು ಮಾಡಬಲ್ಲನೇ, ಮಾಡಿಸಬಲ್ಲನೇ?

ಹಾಗಾಗಿ ಆ ತಮ್ಮನಿಗೆ ನನ್ನ ಪ್ರಶ್ನೆ ಒಂದೇ. ನಿನಗೆ ಈ ಕೆಲಸ ಬೇಕಾಗಿದೆಯೋ, ಇಲ್ಲ ಮ್ಯಾನೇಜರ್ ಬೇಡವಾಗಿದ್ದಾನೋ? ಮ್ಯಾನೇಜರ್ ಮೇಲಿನ ಸಿಟ್ಟಿಗೆ ಹೊರಟರೆ ಅಲ್ಲೂ ಒಬ್ಬ ಮೇಸ್ತ್ರಿ ಇರುತ್ತಾನೆ. ಐಟಿಐ ಎಲೆಕ್ಟ್ರಿಷಿಯನ್ ಕೋರ್ಸು 2 ವರ್ಷ. ಮೂವತ್ತು ದಾಟಿದವನು ಹದಿನೇಳರ ಹುಡುಗರ ಜೊತೆ ಬೆಂಚಿನಲ್ಲಿ ಕೂರಬೇಕು. ಗೋಡೆ ಕೊರೆದು ಪೈಪು ಕೂರಿಸಬೇಕು, ಕಣ್ಣಿಗೆ ಸಿಮೆಂಟಿನ ಧೂಳು ಬೀಳುತ್ತದೆ. ಮುಂದೆ ಸ್ವಂತವಾಗಿ ಗುತ್ತಿಗೆ ಹಿಡಿಯಬೇಕಾದರೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಪರವಾನಗಿ ಬೇಕು.

ಸುತ್ತದ ಇನ್ನೊಂದು ಸಂಪದೆ ಸಮಜೀವಿತಾ. ತಕ್ಕಡಿ ಹಿಡಿದವನಿಗೆ ಎಷ್ಟು ಏರಿತು ಎಷ್ಟು ಇಳಿಯಿತು ಎಂದು ತಿಳಿದಿರುವ ಹಾಗೆ ಆದಾಯ ವೆಚ್ಚ ತಿಳಿದಿರಬೇಕು. ಲೆಕ್ಕದವನಿಗೆ ಇದನ್ನು ನಾನು ಹೇಳಬೇಕೇ? ಆದರೂ 2 ವರ್ಷ ಸಂಬಳವಿಲ್ಲದೆ ಬಾಡಿಗೆ, ಕಂತು, ತಾಯಿಯ ಔಷಧಿ ಎಲ್ಲಿಂದ ಎಂದು ಕಾಗದದ ಮೇಲೆ ಬರೆದು ಅಮ್ಮನ ಮುಂದೆ ಇಡಲಿ. ಪಿಎಫ್ ಹಣ ಬಿಡಿಸಿ ಹೊಸ ಬೈಕು ತಂದರೆ ಗಳಿಸಿದ್ದನ್ನು ಕಾಯುವ ಆರಕ್ಖ ಸಂಪದೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು, ಹೇಳದೆ ಇರಲಾರೆ. ಕೆಲಸ ಬದಲಾದರೆ ಜಾತಿ ಬೆನ್ನು ಬಿಡುವುದಿಲ್ಲ. ಕಚೇರಿಯಲ್ಲಿ ಸುತ್ತಿ ಬಳಸಿ ಕೇಳುತ್ತಿದ್ದುದನ್ನು ಮನೆಗಳಲ್ಲಿ ನೇರವಾಗಿ ಕೇಳುತ್ತಾರೆ, ಅದೂ ದೇವರ ಕೋಣೆಯ ಸ್ವಿಚ್ಚಿನ ಹತ್ತಿರ ಬಂದಾಗ: "ನೀವು ಯಾವ ಜನ?" ನಮ್ಮ ಗುಂಪಿನಲ್ಲೇ ವೈರಿಂಗ್ ಮಾಡುವ ಸಹೋದರರೊಬ್ಬರು "ಬೌದ್ಧರು" ಎಂದು ಹೇಳಿ ಡ್ರಿಲ್ ಆನ್ ಮಾಡುತ್ತಾರಂತೆ. ಒಮ್ಮೆ ಅದರಿಂದ ಕೆಲಸ ಕೈತಪ್ಪಿದ್ದೂ ಇದೆ.

ಸುತ್ತ ಹೇಳುವ ಕಲ್ಯಾಣಮಿತ್ರ ಇಂಥವರೇ. ರಾಜೀನಾಮೆ ಕೊಡುವ ಮೊದಲು ನಾಲ್ಕು ಭಾನುವಾರ ಅವರ ಹಿಂದೆ ಹೋಗಲಿ ಎಂದು ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಂದನೆ ಮುಗಿಸ್ಕೊಂಡೇ ಹೋಗ್ಲಿ ಮೇಷ್ಟ್ರೇ" ಎಂದರು.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏