ಕ್ಯಾಮೆರಾದ ಕಣ್ಣು

ಮಕ್ಕಳೇ, ನಾರಾಯಣಪೇಟೆಯ ಸೀರೆಯನ್ನು ನೀವು ನೋಡಿದ್ದೀರಿ. ಅದನ್ನು ನೇಯುವ ಮಗ್ಗದ ಮನೆಯೊಳಗೆ ಹೋಗಿದ್ದೀರಾ? ಒಳಗೆ ಬೆಳಕು ಕಡಿಮೆ. ಹಗ್ಗ ಎಳೆದೊಡನೆ ಲಾಳಿಯು ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಇದರ ಫೋಟೋ ತೆಗೆಯುವುದು ಹೇಗೆ?

ಕ್ಯಾಮೆರಾದ ಮಸೂರದೊಳಗೆ ಬೆಳಕು ಬರಲು ಒಂದು ರಂಧ್ರವಿದೆ. ಅದು ನಮ್ಮ ಕಣ್ಣಿನ ಪಾಪೆಯಂತೆ. ಬಿಸಿಲಿನಲ್ಲಿ ಪಾಪೆ ಕಿರಿದಾಗುತ್ತದೆ, ಕತ್ತಲೆಯಲ್ಲಿ ಹಿರಿದಾಗುತ್ತದೆ. ರಂಧ್ರದ ಅಳತೆಗೆ 2.8, 4, 5.6, 8, 11, 16 ಎಂಬ ಅಂಕಿಗಳಿವೆ. ಇಲ್ಲೊಂದು ತಮಾಷೆ ಇದೆ. ಅಂಕಿ ದೊಡ್ಡದಾದಂತೆ ರಂಧ್ರ ಚಿಕ್ಕದಾಗುತ್ತದೆ! ಮೊಬೈಲಿನಲ್ಲಿ ಸಾಮಾನ್ಯವಾಗಿ ಈ ರಂಧ್ರ ಬದಲಾಗುವುದಿಲ್ಲ.

ಕ್ಯಾಮೆರಾದಲ್ಲಿ ಷಟರ್ ಎಂಬ ಬಾಗಿಲೂ ಇದೆ. ಅದು ಎಷ್ಟು ಹೊತ್ತು ತೆರೆದಿರುತ್ತದೆಯೋ ಅಷ್ಟು ಹೊತ್ತು ಬೆಳಕು ಒಳಗೆ ಬರುತ್ತದೆ.

ಈಗ ಮಗ್ಗಕ್ಕೆ ಬರೋಣ. ಮೊದಲು ನೇಕಾರರ ಒಪ್ಪಿಗೆ ಕೇಳಿರಿ. ಷಟರನ್ನು ಸೆಕೆಂಡಿನ 500ನೇ ಒಂದು ಭಾಗದಷ್ಟು ಮಾತ್ರ ತೆರೆದರೆ ಲಾಳಿ ನಿಂತಂತೆ ಕಾಣುತ್ತದೆ. ಆದರೆ ಬೆಳಕು ಸಾಲದೆ ಚಿತ್ರ ಕಪ್ಪಾಗಬಹುದು. ರಂಧ್ರವನ್ನು ಹಿರಿದು ಮಾಡಿದರೆ ಬೆಳಕು ಹೆಚ್ಚುತ್ತದೆ. ಆಗ ಲಾಳಿ ಸ್ಪಷ್ಟವಾಗಿ, ದೂರದ ಗೋಡೆ ಮಸುಕಾಗಿ ಬರುತ್ತದೆ. ಷಟರನ್ನು 15ನೇ ಒಂದು ಭಾಗದಷ್ಟು ತೆರೆದರೆ ಬೆಳಕೇನೋ ಸಿಗುತ್ತದೆ, ಲಾಳಿ ಮಾತ್ರ ಬರೀ ಗೆರೆಯಾಗುತ್ತದೆ! ಆಗ ಕ್ಯಾಮೆರಾ ಅಲುಗಬಾರದು. ಅದನ್ನು ಸ್ಟೂಲಿನ ಮೇಲೆ ಇಡಿರಿ. ಎರಡರಲ್ಲಿ ಯಾವ ಚಿತ್ರ ಚೆನ್ನ? ಲಾಳಿಯ ಆಕಾರ ತೋರಿಸಲು ಮೊದಲನೆಯದು ಬೇಕು. ನನಗಂತೂ ಗೆರೆಯ ಚಿತ್ರವೇ ಇಷ್ಟ. ಅದರಲ್ಲಿ ನೇಕಾರರ ಕೈಯ ವೇಗ ಕಾಣುತ್ತದೆ.

ಹಿಂದೆ ಹೈದರಾಬಾದಿನ ನಿಜಾಮರ ಬಳಿ ರಾಜಾ ದೀನ್ ದಯಾಳ್ (1844–1905) ಎಂಬ ಹೆಸರಾಂತ ಛಾಯಾಗ್ರಾಹಕರಿದ್ದರು. ಅವರು ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದರು. ಆ ಕಾಲದಲ್ಲಿ ಕ್ಯಾಮೆರಾದ ಮುಂದೆ ಜನರು ಅಲುಗದೆ ಇರಬೇಕಾಗಿತ್ತು.

ನಾವು ನಿಲ್ಲುವ ಜಾಗವೂ ಚಿತ್ರವನ್ನು ಬದಲಿಸುತ್ತದೆ. ಗದ್ವಾಲ ಕೋಟೆಯ ಬಾಗಿಲಿನ ಮುಂದೆ ಕುಳಿತು, ಮೇಲೆ ನೋಡುತ್ತಾ ಫೋಟೋ ತೆಗೆಯಿರಿ. ಬಾಗಿಲು ಬಹಳ ಎತ್ತರವಾಗಿ ಕಾಣುತ್ತದೆ. ಇನ್ನು ದೂರ ಹೋಗಿ, ನಿಮ್ಮ ಗೆಳತಿಯನ್ನು ಕ್ಯಾಮೆರಾದ ಹತ್ತಿರ ನಿಲ್ಲಿಸಿರಿ. ಈಗ ಕೋಟೆಗಿಂತ ಅವಳೇ ಎತ್ತರ!

ಮಾಡಿ ನೋಡಿರಿ: ಮಕ್ತಲ್ ಬಸ್ ನಿಲ್ದಾಣದಲ್ಲಿ ರಸ್ತೆಯಿಂದ ದೂರ ನಿಂತು, ಬರುತ್ತಿರುವ ಬಸ್ಸಿನ ಮೂರು ಫೋಟೋ ತೆಗೆಯಿರಿ. ಪ್ರತಿ ಸಲವೂ ಷಟರಿನ ವೇಗ ಬದಲಿಸಿರಿ. ಯಾವ ಚಿತ್ರದಲ್ಲಿ ಬಸ್ಸಿನ ಮೇಲಿನ ಊರಿನ ಹೆಸರು ಓದಲು ಬರುತ್ತದೆ? ಆ ವೇಗವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.