ಅಗ್ಗದ ಚಿಪ್ಪು, ದುಬಾರಿ ಊಟ

ಫ್ಲೇಮ್ ಸ್ಕ್ಯಾಲಪ್ ಕೆರಿಬಿಯನ್ ಸಮುದ್ರದಲ್ಲೂ ಅದರ ಆಸುಪಾಸಿನ ಅಟ್ಲಾಂಟಿಕ್ ತೀರದಲ್ಲೂ ಹವಳ ದಿಬ್ಬಗಳ ಸಂದಿಗಳಲ್ಲಿ ಬದುಕುವ ಚಿಪ್ಪುಜೀವಿ. ಎರಡು ಚಿಪ್ಪುಗಳ ನಡುವಿನ ಕಡುಗೆಂಪು ಮೈ, ಅಂಚಿನುದ್ದಕ್ಕೂ ಅಲುಗಾಡುವ ತೆಳುವಾದ ಎಳೆಗಳು ನೋಡಿದವರ ಮನಸ್ಸನ್ನು ಥಟ್ಟನೆ ಸೆಳೆಯುತ್ತವೆ. ಉಪ್ಪುನೀರಿನ ಅಕ್ವೇರಿಯಂ ಅಂಗಡಿಗಳಲ್ಲಿ ಇದರ ಬೆಲೆ ಒಂದು ಒಳ್ಳೆಯ ಮೀನಿನ ಬೆಲೆಗಿಂತ ಕಡಿಮೆಯೇ ಇರುವುದುಂಟು. ಕೊಳ್ಳುವವರ ಲೆಕ್ಕ ತಪ್ಪುವುದು ಇಲ್ಲಿಯೇ.

ಈ ಜೀವಿ ಬೇಟೆಯಾಡುವುದಿಲ್ಲ, ಕಲ್ಲಿನ ಮೇಲಿನ ಪಾಚಿ ಕೆರೆಯುವುದಿಲ್ಲ, ಮೀನಿಗೆ ಹಾಕುವ ಗುಳಿಗೆಯನ್ನೂ ಮುಟ್ಟುವುದಿಲ್ಲ. ಕಿವಿರುಗಳ ಮೂಲಕ ನೀರು ಹಾಯಿಸಿ, ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಪ್ಲವಕಗಳನ್ನು ಸೋಸಿ ತಿನ್ನುತ್ತದೆ. ದೈತ್ಯ ಮೃದ್ವಂಗಿ ಟ್ರೈಡಾಕ್ನಾದ ಮೈಯೊಳಗೆ ಪಾಚಿ ವಾಸವಿದ್ದು, ಬೆಳಕಿನಿಂದ ಆಹಾರ ತಯಾರಿಸಿಕೊಡುತ್ತದೆ. ಫ್ಲೇಮ್ ಸ್ಕ್ಯಾಲಪ್‌ಗೆ ಆ ಆಸರೆ ಇಲ್ಲ. ಸಮುದ್ರದಲ್ಲಿ ದಿನವಿಡೀ ಹರಿದು ಬರುವ ಊಟವನ್ನು ಟ್ಯಾಂಕಿನಲ್ಲಿ ಮನುಷ್ಯರೇ ಒದಗಿಸಬೇಕು. ಅದೂ ಸಾಲದೆಂಬಂತೆ, ನೀರನ್ನು ತಿಳಿಯಾಗಿಡುವ ಫಿಲ್ಟರ್ ಮತ್ತು ಪ್ರೊಟೀನ್ ಸ್ಕಿಮ್ಮರ್ ಆ ಊಟದ ಒಂದಷ್ಟು ಪಾಲನ್ನು ಹೊರಗೆಳೆದು ಬಿಡುತ್ತವೆ.

ಖರ್ಚಿನ ಮೊದಲ ಬಾಬ್ತು ಆಹಾರ. 200 ಲೀಟರಿನ ಟ್ಯಾಂಕಿಗೆ ದಿನಕ್ಕೆ 10 ಮಿ.ಲೀ. ಸಸ್ಯಪ್ಲವಕ ಹಾಕಿದರೆ 500 ಮಿ.ಲೀ. ಬಾಟಲಿ 50 ದಿನಕ್ಕೆ ಮುಗಿಯುತ್ತದೆ; ವರ್ಷಕ್ಕೆ ಏಳು ಬಾಟಲಿ ದಾಟುತ್ತದೆ. ಬಾಟಲಿಗೆ 1,500 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 11,000 ರೂಪಾಯಿ. ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು, ಕೆಡುವ ಮೊದಲೇ ಮುಗಿಸಬೇಕಾದ್ದರಿಂದ ಒಂದಿಷ್ಟು ಚೆಲ್ಲಿಯೂ ಹೋಗುತ್ತದೆ.

ಎರಡನೆಯ ಬಾಬ್ತು ನೀರು, ಲೆಕ್ಕದಲ್ಲಿ ಇದೇ ದೊಡ್ಡದು. ತಿನ್ನದೆ ಉಳಿದ ಆಹಾರ ಕೊಳೆತು ನೈಟ್ರೇಟ್ ಮತ್ತು ಫಾಸ್ಫೇಟ್ ಆಗುತ್ತದೆ; ಅವುಗಳ ಬೆನ್ನಿಗೇ ಬೇಡದ ಪಾಚಿ ಬೆಳೆಯುತ್ತದೆ. ವಾರಕ್ಕೆ 40 ಲೀಟರ್ ನೀರು ಬದಲಿಸುತ್ತಿದ್ದ ಮನೆಯಲ್ಲಿ 80 ಲೀಟರ್ ಬದಲಿಸಬೇಕಾಗಿ ಬರಬಹುದು. ಸಮುದ್ರದ ನೀರಿನಷ್ಟು ಉಪ್ಪಾಗಬೇಕಾದರೆ ಲೀಟರಿಗೆ 37 ಗ್ರಾಂ ಆಸುಪಾಸು ಅಕ್ವೇರಿಯಂ ಉಪ್ಪು ಬೇಕು. ಹೆಚ್ಚುವರಿ 40 ಲೀಟರಿಗೆ ವಾರಕ್ಕೆ ಒಂದೂವರೆ ಕೆ.ಜಿ., ವರ್ಷಕ್ಕೆ 78 ಕೆ.ಜಿ. ಕೆ.ಜಿ.ಗೆ 250 ರೂಪಾಯಿ ಹಿಡಿದರೂ 19,500 ರೂಪಾಯಿ. ಆರ್‌ಓ ಯಂತ್ರ ಹೊರಹಾಕುವ ನೀರು ಮತ್ತು ಕರೆಂಟು ಬಿಲ್ಲು ಇದರಲ್ಲಿ ಸೇರಿಲ್ಲ. 2,000 ರೂಪಾಯಿಗೆ ತಂದ ಚಿಪ್ಪು ಹೀಗೆ ವರ್ಷಕ್ಕೆ 30,500 ರೂಪಾಯಿ ಕೇಳುತ್ತದೆ. ದರಗಳು ಊರಿಂದೂರಿಗೆ ಬದಲಾದರೂ ಲೆಕ್ಕ ಹಾಕುವ ಕ್ರಮ ಬದಲಾಗದು.

ಸಸ್ಯಪ್ಲವಕವನ್ನು ಮನೆಯಲ್ಲೇ ಬೆಳೆಸಿದರೆ ಆಹಾರದ ಖರ್ಚು ಬಹಳಷ್ಟು ಇಳಿಯುತ್ತದೆ. ನ್ಯಾನೊಕ್ಲೋರಾಪ್ಸಿಸ್ ಎಂಬ ಸೂಕ್ಷ್ಮ ಪಾಚಿಯನ್ನು ಪಾರದರ್ಶಕ ಬಾಟಲಿಯ ಉಪ್ಪುನೀರಿನಲ್ಲಿ, ಪೋಷಕ ದ್ರಾವಣ, ದೀಪ ಮತ್ತು ಏರ್ ಪಂಪಿನ ನೆರವಿನಿಂದ ಬೆಳೆಸಬಹುದು. ನೀರು ಕಡುಹಸಿರಾದಾಗ ಅರ್ಧ ತೆಗೆದು, ಉಳಿದರ್ಧಕ್ಕೆ ಹೊಸ ಉಪ್ಪುನೀರು ಸೇರಿಸಬೇಕು. ಆದರೆ ಹಸಿರು ಹಳದಿಗೆ ತಿರುಗಿ ವಾಸನೆ ಬಂದರೆ ಬೆಳೆ ಕೆಟ್ಟಂತೆಯೇ. ಹಾಗಾಗಿ ಎರಡನೆಯ ಬಾಟಲಿ ಸದಾ ಸಿದ್ಧವಿರಬೇಕು. ಇಲ್ಲಿ ಉಳಿಯುವ ಹಣಕ್ಕೆ ಬದಲಾಗಿ ಸಮಯ ತೆರಬೇಕಾಗುತ್ತದೆ. ಆಗಾಗ ಊರಿಗೆ ಹೋಗಿಬರುವ ಕುಟುಂಬಕ್ಕೆ ಇದು ಹೊಂದುವುದಿಲ್ಲ. ಉಪ್ಪುನೀರಿನ ಟ್ಯಾಂಕನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಈ ಅಂಕಣಕಾರನ ಅನುಭವದಲ್ಲೂ, ಹವ್ಯಾಸ ಭಾರವಾಗುವುದು ಖರೀದಿಯ ದಿನವಲ್ಲ. ತಿಂಗಳು ತಿಂಗಳೂ ಬರುವ, ಯಾರೂ ಬರೆದಿಡದ ಸಣ್ಣ ಖರ್ಚುಗಳಿಂದ.

ಹಸಿವು ಈ ಜೀವಿಯಲ್ಲಿ ತಡವಾಗಿ ಕಾಣಿಸುತ್ತದೆ. ಆರೋಗ್ಯವಾಗಿರುವ ಸ್ಕ್ಯಾಲಪ್ ಹತ್ತಿರ ಕೈ ತಂದೊಡನೆ ಚಿಪ್ಪು ಮುಚ್ಚುತ್ತದೆ. ಸೊರಗಿದ್ದು ನಿಧಾನಿಸುತ್ತದೆ, ಕೆಂಪು ಮೈ ಒಳಕ್ಕೆ ಸರಿಯುತ್ತದೆ, ಕಡೆಗೆ ಚಿಪ್ಪು ತೆರೆದೇ ಇರುತ್ತದೆ. ಅದು ಕಲ್ಲಿನ ಹಿಂದೆ ಅವಿತು ಸತ್ತರೆ, ಕೊಳೆತ ಮೈ ಸಣ್ಣ ಟ್ಯಾಂಕಿನ ನೀರನ್ನೇ ಕೆಡಿಸಿ ಉಳಿದ ಜೀವಿಗಳಿಗೂ ಕುತ್ತು ತರಬಹುದು. ಆಗ ನಷ್ಟ 2,000 ರೂಪಾಯಿಗೆ ನಿಲ್ಲುವುದಿಲ್ಲ.

ಸೀ ಆ್ಯಪಲ್ ಎಂಬ ಇನ್ನೊಂದು ಸೋಸಿ ತಿನ್ನುವ ಜೀವಿಯಲ್ಲಿ ಅಪಾಯ ಇನ್ನೂ ಹೆಚ್ಚು. ಅದು ನೊಂದಾಗ ಅಥವಾ ಸತ್ತಾಗ ಬಿಡುವ ವಿಷ ಟ್ಯಾಂಕಿನ ಮೀನುಗಳನ್ನೆಲ್ಲ ಕೊಲ್ಲಬಲ್ಲದು. ಜೊತೆಗೆ ಅದು ಕಡಲ ಸೌತೆಗಳ ಗುಂಪಿಗೆ ಸೇರಿದ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಕಡಲ ಸೌತೆಗಳನ್ನು 2001ರಲ್ಲಿ ಸೇರಿಸಲಾಯಿತು. ಅಗ್ಗವಾಗಿ ಸಿಕ್ಕರೂ ಅದರ ಗೊಡವೆಗೆ ಹೋಗಬಾರದು.

ಕೊಳ್ಳುವ ಮೊದಲು ಮೂರು ಪರೀಕ್ಷೆ ಸಾಕು. ಟ್ಯಾಂಕಿಗೆ ಕನಿಷ್ಠ ಒಂದು ವರ್ಷ ತುಂಬಿ, ನೀರಿನ ಗುಣ ಸ್ಥಿರವಾಗಿರಬೇಕು. ವರ್ಷದ ಆಹಾರ ಮತ್ತು ಉಪ್ಪಿನ ಹಣವನ್ನು ಮನೆಯ ತುರ್ತುನಿಧಿಗೆ ಕೈ ಹಾಕದೆ ಎತ್ತಿಡಲಾಗಬೇಕು. ಮನೆಯಲ್ಲಿ ಬೆಳೆಸಿದ ಸಸ್ಯಪ್ಲವಕ ಮೂರು ತಿಂಗಳು ಕೆಡದೆ ನಡೆದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉತ್ತರ ‘ಬೇಡ’. ಮುಖ್ಯವಾಗಿ ಬೆಳಕಿನಿಂದ ಬದುಕುವ ಜೋಯಾಂಥಿಡ್‌ನಂಥ ಜೀವಿಗಳು ಆ ಹಣಕ್ಕೆ ಹೆಚ್ಚು ಬಾಳುತ್ತವೆ. ಸಾಕಲಾಗದ ಜೀವವನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಹಣಕ್ಕೂ ಒಳ್ಳೆಯದು, ಆ ಜೀವಕ್ಕೂ ಒಳ್ಳೆಯದು. ಕೊಳ್ಳುವವರಿಲ್ಲದಿದ್ದರೆ ಅಂಗಡಿಯವರೂ ಅದನ್ನು ತರಿಸುವುದನ್ನು ನಿಲ್ಲಿಸುತ್ತಾರೆ.